ನಮಗೆ ಆದ ಕಿರಣಚಿಕಿತ್ಸೆ

ಗೃಹಸ್ಥರೂ ಗೃಹಿಣಿಯರೂ ಮಕ್ಕಳೂ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ ಓದುವ ಈ ಪತ್ರಿಕೆಯಲ್ಲಿ, ಅರವತ್ತು ದಾಟಿದ ಪುರುಷನೊಬ್ಬನ ಮೂತ್ರಮಾರ್ಗದ ಸಮಾಚಾರವನ್ನು ಬರೆಯುವುದು ಉಚಿತವೇ ಎಂದು ನಾವು ಎರಡು ತಿಂಗಳು ಯೋಚಿಸಿದೆವು. ಬರೆಯಲೇಬೇಕೆಂದು ಒತ್ತಾಯಪಡಿಸಿದವರು ನಮ್ಮ ಮನೆಯವರು. "ಹೇಳಿಕೊಳ್ಳಲು ನಾಚಿಕೊಂಡು ನೀವು ಎರಡು ವರ್ಷ ಸುಮ್ಮನಿದ್ದಿರಿ. ಹಾಗೆ ನಾಚಿಕೊಂಡು ಕುಳಿತವರು ಊರಿಗೆ ಹತ್ತು ಮಂದಿ ಇದ್ದಾರು. ಅವರು ಓದದಿದ್ದರೆ ಅವರ ಹೆಂಡಿರಾದರೂ ಓದಲಿ" ಎಂದು ಆಕೆ ಅಂದ ಮೇಲೆ ನಮ್ಮ ಸಂಕೋಚಕ್ಕೆ ನಿಲ್ಲಲು ನೆಲವಿಲ್ಲದಂತಾಯಿತು. ವಾಚಕರು ಕ್ಷಮಿಸಬೇಕು. ವಿಷಯವು ಎಂಥದೋ ಮಾತೂ ಅಂಥದೇ ಆಗಬೇಕಾಗಿದೆ.

ನಾವು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ೨೦೨೩ರಲ್ಲಿ ನಿವೃತ್ತರಾದೆವು. ಅದಕ್ಕೆ ಸ್ವಲ್ಪ ಮುಂಚಿನಿಂದಲೇ ರಾತ್ರಿ ಎರಡು ಸಲ, ಬರಬರುತ್ತ ನಾಲ್ಕು ಸಲ ಏಳುವುದು ರೂಢಿಯಾಗಿತ್ತು. ಧಾರೆ ತೆಳುವಾಗಿತ್ತು, ನಿಂತು ಕಾಯಬೇಕಾಗುತ್ತಿತ್ತು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಬರುವ ವಾತಾಷ್ಠೀಲೆಯೆಂಬ ರೋಗದಲ್ಲಿ, ಮಲಮಾರ್ಗಕ್ಕೂ ಮೂತ್ರಕೋಶಕ್ಕೂ ನಡುವೆ ಗುಂಡುಕಲ್ಲಿನಂಥ ಗಟ್ಟಿಯಾದ ಗ್ರಂಥಿಯುಂಟಾಗಿ ಮೂತ್ರವನ್ನು ತಡೆಯುವುದೆಂದು ವರ್ಣನೆಯುಂಟು. ನಮ್ಮದು ಇದೇ ಎಂದು ಗುರುತಿಸಿ, ಗುರುತಿಸಿದ್ದಕ್ಕಾಗಿ ಒಳಗೊಳಗೇ ಹೆಮ್ಮೆಪಟ್ಟುಕೊಂಡು, ವೈದ್ಯರ ಬಳಿಗೆ ಹೋಗದೆ ಉಳಿದೆವು. ರೋಗದ ಹೆಸರು ಗೊತ್ತಾದೊಡನೆ ರೋಗವೇ ಗೆದ್ದಂತಾಯಿತೆಂದು ಭಾವಿಸುವುದು ನಮ್ಮಂಥವರಿಗೆ ಸಹಜವಾದ ದೋಷ.

ಈ ಗ್ರಂಥಿಗೆ ಇಂಗ್ಲಿಷಿನಲ್ಲಿ ಪ್ರಾಸ್ಟೇಟ್ ಎಂದು ಹೆಸರು. ಮೂಲವು ಗ್ರೀಕ್ ಶಬ್ದ. ಮುಂದೆ ನಿಂತಿರುವುದು ಎಂದು ಅರ್ಥ. ಸಂಸ್ಕೃತದಲ್ಲಿ ಪುರಃಸ್ಥವೆಂದರೆ ಅಕ್ಷರಶಃ ಅದೇ. ಗಾತ್ರದಲ್ಲಿ ಯೌವನದಲ್ಲಿ ಅಡಕೆಗಿಂತ ಸ್ವಲ್ಪ ದೊಡ್ಡದು. ಮೂತ್ರಕೋಶದ ಬುಡದಲ್ಲಿ ಕುಳಿತು, ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ಅದರ ಬೆನ್ನಿಗೇ ಮಲಾಶಯ. ವೃದ್ಧಾಪ್ಯದಲ್ಲಿ ಇದು ಸುಮ್ಮನೆ ಬೆಳೆದು ನಾಳವನ್ನು ಒತ್ತುವುದು ಬಹುಜನಕ್ಕೆ ಆಗುವುದು. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬೇರೆ. ಎರಡೂ ಒಂದೇ ಗ್ರಂಥಿಯಲ್ಲಿ ಏಕಕಾಲಕ್ಕೆ ಇರಲೂಬಹುದು. ನಮ್ಮಲ್ಲಿ ಇದ್ದದ್ದು ಹಾಗೆ.

೨೦೨೪ರ ದೀಪಾವಳಿಗೆ ಬಂದ ಅಳಿಯಂದಿರು, ರಾತ್ರಿ ನಾವು ನಾಲ್ಕು ಬಾರಿ ದೀಪ ಹಾಕಿದ್ದನ್ನು ಎಣಿಸಿ, ಮರುದಿನವೇ ಹಾಸನಕ್ಕೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದರು. ಪಿ.ಎಸ್.ಎ. ಎಂಬ ಒಂದು ದ್ರವ್ಯ ರಕ್ತದಲ್ಲಿ ಎಷ್ಟಿದೆಯೆಂದು ನೋಡುವುದು ಆ ಪರೀಕ್ಷೆ. ನಾಲ್ಕರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಕಡಮೆ ಎನ್ನುವರು. ನಮ್ಮದು ೮.೬. ಗ್ರಂಥಿ ಬರಿದೇ ಬೆಳೆದಿದ್ದರೂ, ಸೋಂಕಿದ್ದರೂ ಈ ಅಂಕ ಏರುವುದುಂಟು. ಆದಕಾರಣ ಅಂಕವನ್ನು ನೋಡಿಯೇ ಯಾರೂ ಎದೆಗುಂದಬೇಕಾಗಿಲ್ಲ. ನಾವು ಮಾತ್ರ ಎದೆಗುಂದಿದೆವು.

ಬೆಂಗಳೂರಿನಲ್ಲಿ ಎಂ.ಆರ್.ಐ. ಚಿತ್ರ ತೆಗೆದು, ಬಳಿಕ ಸೂಜಿಯಿಂದ ಗ್ರಂಥಿಯ ಹನ್ನೆರಡು ಎಳೆಗಳನ್ನು ತೆಗೆದರು. ಅನ್ನದ ಒಂದಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತಿಳಿಯುವುದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಶಾಸ್ತ್ರದಲ್ಲಿ ಹೆಸರು. ಆದರೆ ಈ ಪಾತ್ರೆಯಲ್ಲಿ ಅನ್ನವು ಒಂದೇ ಸಮನಾಗಿ ಬೇಯುವುದಿಲ್ಲವಂತೆ; ಒಂದು ಮೂಲೆ ಕೆಟ್ಟು ಇನ್ನೊಂದು ಮೂಲೆ ಚೆನ್ನಾಗಿರಬಹುದು. ಅದಕ್ಕೇ ಹನ್ನೆರಡು ಕಡೆ ಹಿಸುಕುವುದು. ನಮ್ಮ ಹನ್ನೆರಡರಲ್ಲಿ ಐದು ಕೆಟ್ಟಿದ್ದವು.

ಫಲವನ್ನು ಬರೆಯುವ ಕ್ರಮವು ವಿಚಿತ್ರವಾದುದು. ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ವೈದ್ಯರು ೧೯೬೦ರ ದಶಕದಲ್ಲಿ ಇದನ್ನು ಏರ್ಪಡಿಸಿದರು. ಸೂಕ್ಷ್ಮದರ್ಶಕದಲ್ಲಿ ಅತ್ಯಧಿಕವಾಗಿ ಕಾಣುವ ವಿನ್ಯಾಸಕ್ಕೆ ಒಂದು ಅಂಕ, ಅದರ ತರುವಾಯದ್ದಕ್ಕೆ ಇನ್ನೊಂದು, ಎರಡನ್ನೂ ಕೂಡಿಸಬೇಕು. ಮೂರು ಕೂಡಿಸು ನಾಲ್ಕು ಏಳು; ನಾಲ್ಕು ಕೂಡಿಸು ಮೂರೂ ಏಳೇ. ಗಣಿತದಲ್ಲಿ ಭೇದವಿಲ್ಲ. ಇಲ್ಲಿ ಉಂಟು. ಸಮಾಸದಲ್ಲಿ ಯಾವ ಪದ ಮೊದಲು ನಿಲ್ಲಬೇಕೆಂಬ ಪೂರ್ವನಿಪಾತದ ನಿಯಮವನ್ನು ಹುಡುಗರಿಗೆ ಹೇಳಿಕೊಟ್ಟು ಹೇಳಿಕೊಟ್ಟು ನಮಗೆ ಬೇಸರ ಬಂದಿತ್ತು. ನಮ್ಮ ಆಯುಸ್ಸೇ ಒಂದು ದಿನ ಪೂರ್ವನಿಪಾತದ ಮೇಲೆ ನಿಲ್ಲುವುದೆಂದು ಯಾರು ಕಂಡಿದ್ದರು? ನಮ್ಮದು ನಾಲ್ಕು ಮೊದಲು, ಮೂರು ಆಮೇಲೆ. ಅಂದರೆ ಉಗ್ರವಾದುದರ ಪಾಲು ಹೆಚ್ಚು. ರೋಗ ಗ್ರಂಥಿಯನ್ನು ಬಿಟ್ಟು ಹೊರಗೆ ಹೋಗಿಲ್ಲವೆಂದು ಮುಂದಿನ ಪರೀಕ್ಷೆಗಳಲ್ಲಿ ತಿಳಿಯಿತು. ಮಧ್ಯಮ ಅಪಾಯದ ಗುಂಪು, ಅದರಲ್ಲಿಯೂ ಕೆಳಗಿನ ಸಾಲು ಎಂದರು.

ಅಲ್ಲಿಂದ ಮುಂದೆ ಪ್ರಾರಂಭವಾಯಿತು ನಮ್ಮ ನಿಜವಾದ ಕಷ್ಟ. ಜ್ವರಕ್ಕೆ ವೈದ್ಯರು ಇಂಥ ಮಾತ್ರೆಯೆಂದು ಕೊಡುತ್ತಾರೆ, ನುಂಗುತ್ತೇವೆ. ಇಲ್ಲಿ ಹಾಗಲ್ಲ. "ಮೇಷ್ಟ್ರೇ, ಶಸ್ತ್ರಚಿಕಿತ್ಸೆ ಇದೆ, ಹೊರಗಿನಿಂದ ಕಿರಣ ಕೊಡುವುದಿದೆ, ಅದನ್ನು ಇಪ್ಪತ್ತು ದಿನವೂ ಕೊಡಬಹುದು, ಐದೇ ದಿನವೂ ಕೊಡಬಹುದು, ಒಳಗೆ ಬೀಜ ಇಡುವುದಿದೆ, ಹಣವಿದ್ದರೆ ಪ್ರೋಟಾನ್ ಇದೆ. ಯೋಚನೆ ಮಾಡಿ ಬನ್ನಿ" ಎಂದು ಕಿರಣಚಿಕಿತ್ಸೆಯ ವೈದ್ಯೆ ಹೇಳಿ ಕಳುಹಿಸಿದರು. ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೀಮಾಂಸಕರು ವಿಕಲ್ಪವನ್ನು ಎಂಟು ದೋಷಗಳಿಂದ ದುಷ್ಟವಾದುದೆಂದು ಹೇಳಿ, ಬೇರೆ ಗತಿಯಿದ್ದಾಗ ಅದನ್ನು ಒಪ್ಪುವುದೇ ಇಲ್ಲ. ಯಾಗಕ್ಕೆ ಬತ್ತವಾದರೂ ಆಗಬಹುದು, ಜವೆಯಾದರೂ ಆಗಬಹುದು ಎಂಬಲ್ಲಿ ಮಾತ್ರ ವಿಧಿಯಿಲ್ಲದೆ ಒಪ್ಪುತ್ತಾರೆ. ಓದಿದಾಗ ಇದು ಕೂದಲು ಸೀಳುವ ತರ್ಕವೆನಿಸಿತ್ತು. ಆ ರಾತ್ರಿ ನಿದ್ರೆಯಿಲ್ಲದೆ ಹೊರಳಿದಾಗ, ಎಂಟೇ ದೋಷಗಳಿಗೆ ನಿಲ್ಲಿಸಿದ್ದು ಅವರ ದಾಕ್ಷಿಣ್ಯವೆಂದು ತೋರಿತು.

ಶಸ್ತ್ರವೈದ್ಯರ ಮಾತನ್ನು ಬೇಗ ಮುಗಿಸುತ್ತೇವೆ. ಸಜ್ಜನರು; ಕತ್ತರಿಸಿ ತೆಗೆದರೆ ಮನಸ್ಸಿಗೆ ನೆಮ್ಮದಿ, ನಿಮ್ಮ ವಯಸ್ಸಿಗೆ ಆಗುವಂಥದೇ ಎಂದರು. ಆದರೆ ಮೊದಲ ತಿಂಗಳುಗಳಲ್ಲಿ ಮೂತ್ರ ತಾನಾಗಿ ಜಿನುಗುವುದು, ಕೆಲವರಲ್ಲಿ ಅದು ನಿಲ್ಲದೆಯೂ ಉಳಿಯುವುದು ಎಂಬುದನ್ನು ಮರೆಮಾಡಲಿಲ್ಲ. ಬೆಳಗ್ಗೆ ಮಡಿಯುಟ್ಟು ಪೂಜೆಗೆ ಕೂಡುವವನಿಗೆ ಈ ಜಿನುಗುವಿಕೆ ಏನೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ನಮಗೆ ಕತ್ತಿಯ ಭಯವೂ ಇತ್ತು; ಎಲ್ಲವನ್ನೂ ಪೂಜೆಯ ಮೇಲೆ ಹಾಕುವುದು ನ್ಯಾಯವಲ್ಲ.

ನಮಗೆ ಧೈರ್ಯ ಕೊಟ್ಟದ್ದು ಇಂಗ್ಲೆಂಡಿನ ಒಂದು ದೀರ್ಘಪರೀಕ್ಷೆ. ಪ್ರೊಟೆಕ್ಟ್ ಎಂದು ಅದರ ಹೆಸರು. ೧,೬೪೩ ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿ, ಒಂದು ಪಾಲಿಗೆ ಶಸ್ತ್ರ, ಒಂದು ಪಾಲಿಗೆ ಕಿರಣ, ಇನ್ನೊಂದು ಪಾಲಿಗೆ ಬರಿಯ ನಿಗಾ ಎಂದು ಗೊತ್ತುಮಾಡಿ, ಹದಿನೈದು ವರ್ಷದ ಫಲವನ್ನು ೨೦೨೩ರಲ್ಲಿ ಪ್ರಕಟಿಸಿದರು. ಅಷ್ಟು ಮಂದಿಯಲ್ಲಿ ಈ ರೋಗದಿಂದಲೇ ತೀರಿಹೋದವರು ಒಟ್ಟು ೪೫. ಮೂರು ಪಾಲುಗಳಿಗೂ ಅದರಲ್ಲಿ ಗಣನೀಯ ಭೇದವಿಲ್ಲ. ನಿಗಾ ಮಾತ್ರ ಇದ್ದವರಲ್ಲಿ ರೋಗ ಹೊರಗೆ ಹರಡಿದ್ದು ಸುಮಾರು ಇಮ್ಮಡಿ. ನೂರಕ್ಕೆ ಒಂಬತ್ತರಷ್ಟು, ಉಳಿದೆರಡರಲ್ಲಿ ಐದರಷ್ಟು. ಅವರಲ್ಲಿ ಬಹುಮಂದಿಯ ರೋಗ ನಮ್ಮದಕ್ಕಿಂತ ಸೌಮ್ಯವಾದುದು. ಆದುದರಿಂದ ನಿಗಾ ನಮಗೆ ಹೇಳಿದ ಮಾತಲ್ಲ. ಆದರೆ ಕಿರಣವನ್ನು ಆರಿಸಿದರೆ ಶಸ್ತ್ರಕ್ಕಿಂತ ಕೀಳಾದುದನ್ನು ಆರಿಸಿದೆವೆಂದು ಕೊರಗಬೇಕಾಗಿಲ್ಲವೆಂಬಷ್ಟು ನಮಗೆ ಸಾಕಾಯಿತು. ಆ ಪರೀಕ್ಷೆಯಲ್ಲಿ ಜಿನುಗುವ ಕಷ್ಟವೂ ದಾಂಪತ್ಯದ ಕಷ್ಟವೂ ಶಸ್ತ್ರದವರಲ್ಲಿ ಹೆಚ್ಚು. ಮಲವಿಸರ್ಜನೆಯ ತೊಂದರೆ ಕಿರಣದವರಲ್ಲಿ ಹೆಚ್ಚು.

ಇನ್ನು ಕಿರಣದಲ್ಲಿಯೇ ಯಾವುದು? ಮೊದಲು ನಮ್ಮ ಮನಸ್ಸು ಓಡಿದ್ದು ಬೀಜದ ಕಡೆಗೆ. ಜೀರಿಗೆ ಕಾಳಿನಷ್ಟು ಪುಟ್ಟ ಲೋಹದ ಕೊಳವೆಗಳಲ್ಲಿ ಅಯೋಡಿನ್ ೧೨೫ ಎಂಬ ವಿಕಿರಣದ್ರವ್ಯವನ್ನು ತುಂಬಿ, ಅರಿವಳಿಕೆ ಕೊಟ್ಟು, ಸೂಜಿಯಿಂದ ಗ್ರಂಥಿಯೊಳಕ್ಕೆ ಹತ್ತಾರು ಕಾಳುಗಳನ್ನು ಬಿತ್ತುತ್ತಾರೆ. ತೆಗೆಯುವುದಿಲ್ಲ, ಅಲ್ಲಿಯೇ ಇರುತ್ತವೆ. ಸುಮಾರು ಅರವತ್ತು ದಿನಕ್ಕೆ ಅದರ ಬಲ ಅರ್ಧವಾಗುತ್ತದೆ, ಇನ್ನರವತ್ತು ದಿನಕ್ಕೆ ಅರ್ಧದಲ್ಲಿ ಅರ್ಧ. ಕೋಪನ್‌ಹೇಗನ್ನಿನ ಹೋಲ್ಮ್ ಎಂಬ ವೈದ್ಯರು ಶಬ್ದತರಂಗದ ಚಿತ್ರ ನೋಡಿಕೊಂಡು ಈ ಬಿತ್ತನೆ ಮಾಡುವ ಬಗೆಯನ್ನು ೧೯೮೩ರಲ್ಲಿ ಪ್ರಕಟಿಸಿದರು. ಒಂದೇ ದಿನದ ಕೆಲಸ, ಊರಿಗೆ ಮರಳಬಹುದು. ನಮಗೆ ಇದು ಬಹಳ ಹಿಡಿಸಿತು.

ಅಷ್ಟರಲ್ಲಿ ಎರಡು ಅಡ್ಡಿಗಳು ಬಂದವು. ಗ್ರಂಥಿ ಬಹಳ ದಪ್ಪಗಿದ್ದು ಮೂತ್ರದ ಧಾರೆ ಮೊದಲೇ ಕಟ್ಟಿರುವವರಿಗೆ ಬೀಜ ಒಗ್ಗುವುದಿಲ್ಲ. ಒಳಗೆ ಊತ ಬಂದು ಧಾರೆ ಪೂರ್ತಿ ನಿಂತು, ಕೊಳವೆ ಹಾಕಿಕೊಂಡು ದಿನಗಳೆಯಬೇಕಾದೀತೆಂದರು. ನಮ್ಮ ಗ್ರಂಥಿ ಐವತ್ತೆಂಟು ಘನ ಸೆಂಟಿಮೀಟರ್. ಧಾರೆಯ ಸಂಗತಿ ಮೇಲೆ ಹೇಳಿದ್ದೇವೆ. ಎರಡನೆಯ ಅಡ್ಡಿ ಮನೆಯದು. ಮಗಳು ಚೊಚ್ಚಲ ಬಸುರಿ; ವಾಂತಿ ವಿಪರೀತವಾಗಿ ಮೂರನೆಯ ತಿಂಗಳಿಗೇ ತೌರಿಗೆ ಬಂದು ಮಲಗಿದ್ದಳು. ಬೀಜ ಇಟ್ಟವರು ಮೊದಲ ಎರಡು ತಿಂಗಳು ಗರ್ಭಿಣಿಯರ ಪಕ್ಕದಲ್ಲಿ ಬಹಳ ಹೊತ್ತು ಕೂರಬಾರದು, ಎಳೆಯ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು ಎಂದು ಸೂಚನೆ ಕೊಡುವರು. ಹೊರಗೆ ಬರುವ ಕಿರಣ ಅತ್ಯಲ್ಪ, ಒಂದೇ ಮನೆಯಲ್ಲಿರಲು ಅಡ್ಡಿಯಿಲ್ಲ, ಸ್ವಲ್ಪ ದೂರವಿದ್ದರೆ ಸಾಕು ಎಂದು ವೈದ್ಯೆ ಸಮಾಧಾನ ಹೇಳಿದರು. ಆಕೆ ಹೇಳಿದ್ದು ಸತ್ಯ. ಆದರೆ ಹಣೆಗೆ ಕೈಯಿಟ್ಟು "ಅಪ್ಪಾ, ಸ್ವಲ್ಪ ಕೂತ್ಕೊಳ್ಳಿ" ಎನ್ನುವ ಮಗಳಿಗೆ, ನಾವು ಅಡಿಕೋಲು ಹಿಡಿದು ದೂರ ಅಳೆದು ಕೂರುವುದೆಂತು? ಬೀಜವನ್ನು ಬಿಟ್ಟೆವು. ಬೀಜವನ್ನು ಹೊರಕಿರಣದೊಡನೆ ಸೇರಿಸಿ ಕೊಡುವ ಪದ್ಧತಿಯೂ ಇದೆ. ಕೆನಡಾದ ಪರೀಕ್ಷೆಯಲ್ಲಿ ಹಾಗೆ ಮಾಡಿದವರ ರಕ್ತದ ಅಂಕ ಹೆಚ್ಚು ಕಾಲ ಹತೋಟಿಯಲ್ಲಿತ್ತು, ಮೂತ್ರದ ತೊಂದರೆಯೂ ಹೆಚ್ಚಾಗಿತ್ತು, ಆಯುಸ್ಸು ಹೆಚ್ಚಿದ್ದು ಮಾತ್ರ ಕಾಣಲಿಲ್ಲ.

ಈ ಸಂದರ್ಭದಲ್ಲಿ ಒಂದು ಮಾತು ಸ್ಪಷ್ಟವಾಗಬೇಕು, ಏಕೆಂದರೆ ನಮ್ಮ ಬೀಗಿತ್ತಿಯವರೇ ಈ ಭಯದಿಂದ ಮಗಳನ್ನು ಕರೆದೊಯ್ಯಲು ಬಂದಿದ್ದರು. ಹೊರಗಿನಿಂದ ಕೊಡುವ ಕಿರಣವು ಮೈಯಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದೇ? ಹಾಗೆಯೇ ಯಂತ್ರ ನಿಂತರೆ ಕಿರಣ ನಿಂತಿತು. ಆ ಚಿಕಿತ್ಸೆ ಪಡೆದು ಬಂದವನು ಮಗುವನ್ನು ಎತ್ತಿಕೊಳ್ಳಬಹುದು, ಬಸುರಿಯ ಪಕ್ಕ ಕೂರಬಹುದು, ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಮನೆಯ ಹಿರಿಯರು ಇದನ್ನು ತಿಳಿಯದೆ ರೋಗಿಗೆ ಬೇರೆ ತಟ್ಟೆ ಬೇರೆ ಲೋಟ ಇಡುವುದನ್ನು ನಾವು ಆಮೇಲೆ ಇನ್ನೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡೆವು.

ಪ್ರೋಟಾನಿನ ವಿಷಯ. ಸಾಧಾರಣವಾದ ಕಿರಣವು ಒಂದು ಕಡೆಯಿಂದ ಹೊಕ್ಕು, ಗುರಿಯನ್ನು ಮುಟ್ಟಿ, ಇನ್ನೊಂದು ಕಡೆಯಿಂದ ಹೊರಬೀಳುವುದು. ಪ್ರೋಟಾನ್ ಕಣವು ತನ್ನ ಬಲವನ್ನೆಲ್ಲ ದಾರಿಯ ಕೊನೆಯಲ್ಲಿ ಸುರಿದು ಅಲ್ಲಿಯೇ ನಿಲ್ಲುವುದು. ಇದನ್ನು ಚಿಕಿತ್ಸೆಗೆ ಉಪಯೋಗಿಸಬಹುದೆಂದು ರಾಬರ್ಟ್ ವಿಲ್ಸನ್ ಎಂಬ ಭೌತವಿಜ್ಞಾನಿ ೧೯೪೬ರಲ್ಲೇ ಸೂಚಿಸಿದ್ದರು. ಮದ್ರಾಸಿನಲ್ಲಿ ೨೦೧೯ರಿಂದ ಅಂಥ ಯಂತ್ರವಿದೆ. ಕೇಳುವುದಕ್ಕೆ ಇದಕ್ಕಿಂತ ಸೊಗಸಾದುದು ಇಲ್ಲ. ನಮ್ಮ ದೂರವಾಣಿಯ ಸಂಖ್ಯೆಯನ್ನು ಎಲ್ಲಿಂದಲೋ ಸಂಪಾದಿಸಿದ ಮಧ್ಯಸ್ಥನೊಬ್ಬನು ದಿನಕ್ಕೆರಡು ಬಾರಿ ಕರೆದು, ಇದರಲ್ಲಿ ದುಷ್ಪರಿಣಾಮವೇ ಇಲ್ಲ, ಮನೆಯ ಮೇಲೆ ಸಾಲ ಕೊಡಿಸುವ ಏರ್ಪಾಡನ್ನೂ ಮಾಡುತ್ತೇವೆ ಎಂದು ಪೀಡಿಸಿದನು. ಯಾವ ಸಂಸ್ಥೆಯವನೆಂಬುದು ಬೇಡ. ನಾವು ಮನೆಯ ಪತ್ರಗಳನ್ನು ಹುಡುಕಿ ತೆಗೆದಿಟ್ಟದ್ದೂ ನಿಜ. ವೈದ್ಯೆಯನ್ನು ಕೇಳಿದಾಗ, ಅಮೆರಿಕದಲ್ಲಿ ೪೫೦ ಮಂದಿಯ ಮೇಲೆ ಎರಡನ್ನೂ ಹೋಲಿಸಿ ನೋಡಿದ ಫಲ ೨೦೨೪ರಲ್ಲಿ ಬಂದಿದೆ. ಎರಡು ವರ್ಷದ ಹೊತ್ತಿಗೆ ಮಲಾಶಯದ ವಿಷಯದಲ್ಲಾಗಲಿ ಮೂತ್ರದ ವಿಷಯದಲ್ಲಾಗಲಿ ಭೇದ ಕಾಣಲಿಲ್ಲ ಎಂದರು. "ಮನೆ ನಿಮ್ಮದೇ ಆಗಿರಲಿ ಮೇಷ್ಟ್ರೇ" ಎಂದು ನಕ್ಕರು. ಪತ್ರಗಳು ಪೆಟ್ಟಿಗೆಗೆ ಹಿಂದಿರುಗಿದವು.

ಕೊನೆಗೆ ಉಳಿದದ್ದು ಐದು ದಿನವೋ ಇಪ್ಪತ್ತು ದಿನವೋ ಎಂಬುದು. ಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಹಿಂದೆ ದಿನಕ್ಕೆ ಎರಡರಂತೆ ಮೂವತ್ತೇಳು ದಿನ, ಒಟ್ಟು ೭೪ ಗ್ರೇ ಕೊಡುತ್ತಿದ್ದರು. ದಿನಕ್ಕೆ ಮೂರರಂತೆ ಇಪ್ಪತ್ತು ದಿನ, ಒಟ್ಟು ೬೦ ಕೊಟ್ಟರೂ ಫಲ ಕಡಮೆಯಾಗದೆಂದು, ಮೂರು ಸಾವಿರಕ್ಕೆ ಮೇಲ್ಪಟ್ಟ ಮಂದಿಯ ಮೇಲೆ ಇಂಗ್ಲೆಂಡಿನವರು ಪರೀಕ್ಷಿಸಿ ೨೦೧೬ರಲ್ಲಿ ತೋರಿಸಿದರು. ಈ ಗ್ರಂಥಿಯ ಕ್ಯಾನ್ಸರಿಗೆ ಸಣ್ಣ ಸಣ್ಣ ಏಟು ಹಲವಕ್ಕಿಂತ ದೊಡ್ಡ ಏಟು ಕೆಲವೇ ಹೆಚ್ಚು ತಾಗುವುದಂತೆ. ಆದಕಾರಣವೇ ಒಟ್ಟು ಮೊತ್ತ ಇಳಿದರೂ ಕೆಲಸ ನಡೆಯುವುದು. ಅದನ್ನೇ ಮುಂದುವರಿಸಿ ಐದೇ ದಿನಕ್ಕೆ ೩೬.೨೫ ಗ್ರೇ ಕೊಡುವುದು ಈಚಿನ ಕ್ರಮ. ೮೭೪ ಮಂದಿಯ ಫಲ ೨೦೨೪ರಲ್ಲಿ ಬಂದಿತು: ಐದು ವರ್ಷದ ಕೊನೆಗೆ ರೋಗ ಮರುಕಳಿಸದೆ ಇದ್ದವರು ಐದು ದಿನದವರಲ್ಲಿ ನೂರಕ್ಕೆ ಸುಮಾರು ೯೬, ಹೆಚ್ಚು ದಿನದವರಲ್ಲಿ ಸುಮಾರು ೯೫. ಆದರೆ ಔಷಧ ಬೇಕಾಗುವಷ್ಟು ಮೂತ್ರದ ತೊಂದರೆ ಆ ಐದು ವರ್ಷದಲ್ಲಿ ಎಂದಾದರೂ ಕಂಡವರು ಐದು ದಿನದವರಲ್ಲಿ ೨೭, ಉಳಿದವರಲ್ಲಿ ೧೮. ಮಲಾಶಯದ ತೊಂದರೆ ಎರಡರಲ್ಲಿಯೂ ಹತ್ತರ ಸುಮಾರು.

ಐದು ದಿನವೆಂದರೆ ತಮ್ಮನ ಮನೆಯಲ್ಲಿ ತಿಂಗಳುಗಟ್ಟಲೆ ಬೀಡುಬಿಡಬೇಕಾಗಿಲ್ಲ; ಮಗಳನ್ನೂ ಮನೆಯವರನ್ನೂ ಬಿಟ್ಟಿರಬೇಕಾಗಿಲ್ಲ. ನಮ್ಮ ಆಸೆಯೆಲ್ಲ ಐದರ ಮೇಲೆಯೇ. ಆದರೆ ಆ ೮೭೪ ಮಂದಿಯಲ್ಲಿ ನಾಲ್ಕು ಮೊದಲು ನಿಂತವರನ್ನು ಸೇರಿಸಿಕೊಂಡಿರಲೇ ಇಲ್ಲ. ಮೂರು ಮೊದಲು ನಿಂತವರೇ ಎಲ್ಲ. ಇಪ್ಪತ್ತು ದಿನದ ಪರೀಕ್ಷೆಯಲ್ಲಿ ನಮ್ಮಂಥವರೂ ಇದ್ದರು. ಮೇಲಾಗಿ ಮೊದಲೇ ಕೆಟ್ಟ ಧಾರೆ. ವಿಕಲ್ಪದಲ್ಲಿ ಎರಡು ಬಗೆ: ಕರ್ತೃವಿನ ಇಚ್ಛೆಗೆ ಬಿಟ್ಟ ಐಚ್ಛಿಕ ವಿಕಲ್ಪ ಒಂದು, ಇಂಥವನಿಗೆ ಇದು ಅಂಥವನಿಗೆ ಅದು ಎಂದು ನಿಯತವಾದ ವ್ಯವಸ್ಥಿತ ವಿಕಲ್ಪ ಇನ್ನೊಂದು. ಮೊದಲ ದಿನ ಐಚ್ಛಿಕವೆಂದು ತೋರಿದ್ದು, ಪ್ರಶ್ನೆ ಕೇಳುತ್ತ ಕೇಳುತ್ತ ಬಹಳಮಟ್ಟಿಗೆ ವ್ಯವಸ್ಥಿತವಾಯಿತು. ಇಪ್ಪತ್ತು ದಿನವನ್ನೇ ಒಪ್ಪಿಕೊಂಡೆವು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಆ ಎಳೆಯ ವಯಸ್ಸಿನ ವೈದ್ಯೆಯ ಮುಂದೆ ನಾಲಗೆ ಏಳಲಿಲ್ಲ. ಕೇಳಿದವರು ನಮ್ಮ ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದ ಮನೆಯವರು. "ಇವರು ಕೇಳುವುದಿಲ್ಲ ಡಾಕ್ಟರೇ, ನಾನೇ ಕೇಳುತ್ತೇನೆ. ಗಂಡಹೆಂಡಿರ ವಿಷಯ ಏನಾಗುತ್ತದೆ?" ಎಂದರು. ನಾವು ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದೆವು. ಶಸ್ತ್ರದಲ್ಲಿ ಆ ಶಕ್ತಿ ಒಮ್ಮೆಗೇ ಕುಸಿಯುವುದು, ಕಿರಣದಲ್ಲಿ ಎರಡು ಮೂರು ವರ್ಷದಲ್ಲಿ ಮೆಲ್ಲಮೆಲ್ಲನೆ ಕುಂದುವುದು, ಕೆಲವರಿಗೆ ಮಾತ್ರೆಯಿಂದ ಉಪಯೋಗವಾಗುವುದು, ಜೊತೆಗೆ ಕೊಡುವ ಹಾರ್ಮೋನ್ ಸೂಜಿಯಿಂದ ಆಸೆಯೇ ಆರು ಏಳು ತಿಂಗಳು ಇಲ್ಲದಂತಾಗುವುದು ಎಂದು ಅವರು ಪಾಠದಂತೆ ಹೇಳಿದರು. ಹೊರಗೆ ಬಂದ ಮೇಲೆ ಮನೆಯವರು, "ಇಷ್ಟೇ ತಾನೇ. ಗೊತ್ತಿದ್ದರೆ ಒಳ್ಳೆಯದು. ನೀವು ಮುಖ ತಿರುಗಿಸಿ ಮಲಗಿದರೆ ನಾನು ಬೇರೇನೋ ಎಂದುಕೊಳ್ಳುತ್ತಿದ್ದೆ" ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ವಿಷಯವಾಗಿ ನಾವಿಬ್ಬರೂ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು, ಅದೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ.

ಹಾರ್ಮೋನ್ ಸೂಜಿಯೆಂದೆವಲ್ಲ. ಪುರುಷರಸವು ಈ ಕ್ಯಾನ್ಸರಿಗೆ ಆಹಾರ; ಅದನ್ನು ತಡೆದರೆ ರೋಗ ಸೊರಗುವುದೆಂದು ಚಿಕಾಗೋದ ಚಾರ್ಲ್ಸ್ ಹಗಿನ್ಸ್ ೧೯೪೧ರಲ್ಲಿ ತೋರಿಸಿ, ೧೯೬೬ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನಮಗೆ ಮೂರು ತಿಂಗಳಿಗೊಂದರಂತೆ ಎರಡು ಸೂಜಿ, ೨೦೨೪ರ ಡಿಸೆಂಬರಿನಲ್ಲಿ ಮೊದಲನೆಯದು. ಮೂರು ವಾರಕ್ಕೆ ಇದ್ದಕ್ಕಿದ್ದಂತೆ ಮೈ ಕಾದು, ಬೆವರು ಸುರಿದು, ಮಾಘದ ಚಳಿಯಲ್ಲಿ ಪಂಖ ಹಾಕುವಂತಾಯಿತು. ಮನೆಯವರು ಕಂಬಳಿಯೊಳಗಿಂದ, "ಈಗ ಗೊತ್ತಾಯಿತೇ, ಐವತ್ತು ವರ್ಷಕ್ಕೆ ನನಗೆ ಏನಾಗುತ್ತಿತ್ತೆಂದು? ಆಗ ಕಿಟಕಿ ಮುಚ್ಚು ಮುಚ್ಚು ಎಂದು ಗದರಿಸುತ್ತಿದ್ದಿರಿ" ಎಂದರು. ನಾವು ಉತ್ತರ ಕೊಡಲಿಲ್ಲ.

೨೦೨೫ರ ಫೆಬ್ರವರಿಯಲ್ಲಿ ಕಿರಣ ಆರಂಭವಾಯಿತು. ವಾರಕ್ಕೆ ಐದು ದಿನ, ನಾಲ್ಕು ವಾರ. ಗುರಿ ತಪ್ಪದಿರಲೆಂದು ಸೊಂಟದ ಎರಡು ಪಕ್ಕಕ್ಕೂ ಹೊಟ್ಟೆಯ ಕೆಳಗೂ ಮೂರು ಹಚ್ಚೆಯ ಚುಕ್ಕೆ ಚುಚ್ಚಿದರು. ನಮ್ಮ ಅಜ್ಜಿಯ ಮುಂಗೈಯಲ್ಲಿ ಹಚ್ಚೆಯ ರಂಗೋಲಿಯೇ ಇತ್ತು. ವಂಶದಲ್ಲಿ ಅವರ ತರುವಾಯ ನಾವೇ.

ನಿಜವಾದ ತಪಸ್ಸು ಯಂತ್ರದ ಕೆಳಗಲ್ಲ, ಹೊರಗಿನ ಬೆಂಚಿನ ಮೇಲೆ. ಮಲಾಶಯ ಬರಿದಾಗಿರಬೇಕು, ಮೂತ್ರಕೋಶ ತುಂಬಿರಬೇಕು. ತುಂಬಿದ ಮೂತ್ರಕೋಶವು ಮೇಲಕ್ಕೆ ಸರಿದು ಕರುಳನ್ನೂ ದೂರ ತಳ್ಳಿ ಕಿರಣದಿಂದ ಕಾಪಾಡುವುದು. ಆದುದರಿಂದ ಹೋದೊಡನೆ ಖಾಲಿಮಾಡಿಸಿ, ಅರ್ಧ ಲೀಟರು ನೀರು ಕುಡಿಸಿ, ಮುಕ್ಕಾಲು ಗಂಟೆ ಕೂರಿಸುವರು. ಮೂತ್ರವನ್ನು ತಡೆಯಲಾರೆವೆಂಬ ಕಾರಣದಿಂದಲೇ ವೈದ್ಯರ ಬಳಿಗೆ ಬಂದ ಏಳೆಂಟು ಮಂದಿ ಮುದುಕರು, ಸಾಲಾಗಿ ಕುಳಿತು, ಕಾಲ ಮೇಲೆ ಕಾಲು ಹಾಕಿ, ಚಾವಣಿ ನೋಡುತ್ತ ತಡೆದುಕೊಂಡಿರುವ ದೃಶ್ಯವನ್ನು ಯಾವ ಪ್ರಹಸನಕಾರನೂ ಕಲ್ಪಿಸಲಾರ. ಅಲ್ಲಿ ಜಾತಿಯಿಲ್ಲ, ಪದವಿಯಿಲ್ಲ. ತೀರ್ಥಹಳ್ಳಿಯ ಕಡೆಯ ಅಡಕೆ ತೋಟದ ಯಜಮಾನರೊಬ್ಬರು, ಬಸ್ಸಿನ ಕಂಡಕ್ಟರಾಗಿದ್ದವರೊಬ್ಬರು ನಮ್ಮ ಹೊತ್ತಿನವರು. ಕಂಡಕ್ಟರು ಪ್ರತಿದಿನವೂ "ಇನ್ನೆರಡು ಸ್ಟಾಪು ಮೇಷ್ಟ್ರೇ, ತಡ್ಕೊಳ್ಳಿ" ಎನ್ನುವರು. ನಗು ಬಂದರೆ ಅಪಾಯ, ನಗದಿರಲೂ ಆಗದು. ಒಂದು ದಿನ ಯಂತ್ರ ಕೆಟ್ಟು ಅರ್ಧ ಗಂಟೆ ತಡವಾದಾಗ ಯಜಮಾನರು ಎದ್ದು ಓಡಿಯೇಬಿಟ್ಟರು. ಮತ್ತೆ ನೀರು, ಮತ್ತೆ ಮುಕ್ಕಾಲು ಗಂಟೆ. ಒಳಗೆ ಹೋದ ಮೇಲೆ ಕೆಲಸ ಐದಾರು ನಿಮಿಷ. ಯಂತ್ರದ ತಲೆ ನಮ್ಮ ಸುತ್ತ ಪ್ರದಕ್ಷಿಣೆ ಬರುವುದು. ಅದರ ಬಾಯಲ್ಲಿರುವ ಲೋಹದ ತೆಳುಹಾಳೆಗಳು ಹಿಂದೆ ಮುಂದೆ ಸರಿದು ಕಿರಣವನ್ನು ಗ್ರಂಥಿಯ ಆಕಾರಕ್ಕೆ ಕತ್ತರಿಸುವುವು. ನೋವಿಲ್ಲ, ಬಿಸಿಯಿಲ್ಲ.

ಮೊದಲ ಎರಡು ವಾರ ಏನೂ ತೋರಲಿಲ್ಲ. ಶುಕ್ರವಾರ ಸಂಜೆ ರೈಲು ಹತ್ತಿ ಅರಸೀಕೆರೆಗೆ ಬಂದು, ಮಗಳ ಮುಖ ನೋಡಿ, ಭಾನುವಾರ ಹಿಂದಿರುಗುತ್ತಿದ್ದೆವು. ಮೂರನೆಯ ವಾರ ಉರಿ ಶುರುವಾಯಿತು. ರಾತ್ರಿ ಏಳು ಸಲ. ಬಂದಿತೆಂದರೆ ಬಂದಿತು, ಅರ್ಧ ನಿಮಿಷದ ಅವಕಾಶವಿಲ್ಲ. ಮಲವೂ ಸಡಿಲ. ಆ ಶುಕ್ರವಾರ ರೈಲಿನಲ್ಲಿ ಪಾಯಖಾನೆಯ ಮುಂದೆ ಸಾಲು ನಿಂತಿತ್ತು. ತುಮಕೂರು ದಾಟುವ ಮುಂಚೆ ನಮ್ಮ ಪಂಚೆ ನೆನೆಯಿತು. ಒಬ್ಬ ಹುಡುಗ ನೋಡಿದ, ನೋಡದವನಂತೆ ಎದ್ದು ಹೋಗಿ ನಮಗೆ ಜಾಗ ಮಾಡಿಕೊಟ್ಟ. ಯಾರ ಮಗನೋ, ಚೆನ್ನಾಗಿರಲಿ. ನಾಲ್ಕನೆಯ ವಾರ ಊರಿಗೆ ಹೋಗಲಿಲ್ಲ. ಪೂಜೆಯನ್ನು ತಮ್ಮನಿಗೆ ವಹಿಸಿ, ನಾವು ದೇವರ ಮನೆಯ ಹೊಸ್ತಿಲ ಹೊರಗೆ ಕುರ್ಚಿಯ ಮೇಲೆ ಕುಳಿತು ಕೇಳುತ್ತಿದ್ದೆವು. ಶಸ್ತ್ರವನ್ನು ಯಾವುದಕ್ಕೆ ಹೆದರಿ ಬಿಟ್ಟೆವೋ ಅದು ಹೀಗೂ ಬಂದಿತು. ಒಂದು ತಿಂಗಳ ಮಟ್ಟಿಗೆ. ಮಾತ್ರೆಗಳಿಂದಲೂ ಬಾರ್ಲಿ ನೀರಿನಿಂದಲೂ ಯುಗಾದಿ ಕಳೆದು ಒಂದೆರಡು ವಾರಕ್ಕೆ ಬಹುಪಾಲು ಇಳಿದು, ರಾತ್ರಿ ಮೂರಕ್ಕೆ ನಿಂತಿತು. ಆಯಾಸ ಮಾತ್ರ ಜ್ಯೇಷ್ಠದವರೆಗೂ ಇತ್ತು.

ಒಂದು ವಿಷಯದಲ್ಲಿ ನಮಗೆ ಇಂದಿಗೂ ಸ್ವಲ್ಪ ಚುಚ್ಚುವಿಕೆಯಿದೆ. ಗ್ರಂಥಿಗೂ ಮಲಾಶಯಕ್ಕೂ ನಡುವೆ ಒಂದು ಬಗೆಯ ಲೋಳೆಯನ್ನು ತುಂಬಿ ಅವೆರಡನ್ನೂ ದೂರ ಸರಿಸುವ ಉಪಾಯವುಂಟು. ಕೆಲವು ತಿಂಗಳಲ್ಲಿ ಅದು ಕರಗಿಹೋಗುವುದು. ಪ್ರತ್ಯೇಕ ವೆಚ್ಚ, ಅದೂ ದೊಡ್ಡದು. ಬಾಣಂತನದ ಖರ್ಚು ಮುಂದಿದ್ದುದರಿಂದ ಬೇಡವೆಂದೆವು. ೨೦೨೫ರ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಮಲದೊಡನೆ ರಕ್ತ ಕಾಣಿಸಿತು. ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ದರ್ಶಕದಿಂದ ಪರೀಕ್ಷಿಸಿ, ಕಿರಣ ತಾಕಿದ ಜಾಗದಲ್ಲಿ ಸಣ್ಣ ರಕ್ತನಾಳಗಳು ಮೇಲೆದ್ದಿವೆ, ಆರು ತಿಂಗಳಿಂದ ಎರಡು ವರ್ಷದೊಳಗೆ ಹೀಗಾಗುವುದುಂಟು, ಸದ್ಯಕ್ಕೆ ಏನೂ ಬೇಕಾಗಿಲ್ಲ, ಮಲ ಗಟ್ಟಿಯಾಗದಂತೆ ನೋಡಿಕೊಳ್ಳಿ ಎಂದರು. ಲೋಳೆ ಹಾಕಿಸಿದ್ದರೆ ಇದು ತಪ್ಪುತ್ತಿತ್ತೇ ಎಂದು ಕೇಳಿದೆವು. ತಪ್ಪುವ ಸಂಭವ ಹೆಚ್ಚಿತ್ತು, ನಿಮಗೆ ತಪ್ಪುತ್ತಿತ್ತೆಂದು ಹೇಳಲಾರೆ ಎಂದರು. ಈಗ ಹದಿನೈದು ದಿನಕ್ಕೊಮ್ಮೆ ನಾಲ್ಕು ಹನಿ ಕಾಣಿಸುವುದ��ಂಟು. ಶಕ್ತರಾದ ವಾಚಕರು ಆ ಲೋಳೆಯ ವಿಷಯವನ್ನು ತಮ್ಮ ವೈದ್ಯರಲ್ಲಿ ಕೇಳದೆ ಬಿಡಬಾರದು. ದಾಂಪತ್ಯದ ವಿಷಯ ವೈದ್ಯೆ ಹೇಳಿದಂತೆಯೇ ಇದೆ; ಅದಕ್ಕಿಂತ ಹೆಚ್ಚು ಬರೆಯಲು ಮನೆಯವರ ಅನುಮತಿಯಿಲ್ಲ.

ರಕ್ತದ ಅಂಕ ಶಸ್ತ್ರದವರಲ್ಲಿ ಒಮ್ಮೆಗೇ ಸೊನ್ನೆಯ ಬಳಿಗೆ ಇಳಿಯುವುದು; ಕಿರಣದವರಲ್ಲಿ ಹಾಗಲ್ಲ. ಗ್ರಂಥಿ ಒಳಗೇ ಇರುವುದರಿಂದ ಎರಡು ಮೂರು ವರ್ಷ ಏರಿಳಿಯುತ್ತ ಕೆಳಗಿಳಿಯುವುದು. ತಾನು ಮುಟ್ಟಿದ ಅತ್ಯಂತ ಕೆಳಗಿನ ಅಂಕಕ್ಕಿಂತ ಎರಡು ಮೇಲೇರಿದರೆ ಮಾತ್ರ ರೋಗ ಮರಳಿತೆಂದು ಲೆಕ್ಕ. ನಮ್ಮದು ಸೂಜಿಯ ಬಲದಲ್ಲಿ ೦.೧ಕ್ಕೆ ಇಳಿದಿತ್ತು, ಆ ಬಲ ತೀರಿದ ಮೇಲೆ ಡಿಸೆಂಬರಿನಲ್ಲಿ ೦.೪ ಆಯಿತು. ಎಷ್ಟು ತಿಳಿಹೇಳಿದರೂ ಆ ನಾಲ್ಕು ನಮಗೆ ಎರಡು ರಾತ್ರಿಯ ನಿದ್ರೆಯನ್ನು ತೆಗೆಯಿತು. ಮುಂದಿನ ಪರೀಕ್ಷೆ ಇನ್ನಾರು ತಿಂಗಳಿಗೆ.

ಜೂನಿನಲ್ಲಿ ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನ ಬೀಗಿತ್ತಿಯವರು, ಸ್ವಲ್ಪ ಅನುಮಾನಿಸಿಯೇ, ಮಗುವನ್ನು ತಂದು ನಮ್ಮ ತೊಡೆಯ ಮೇಲೆ ಇಟ್ಟರು. ಇಟ್ಟ ಎರಡು ನಿಮಿಷಕ್ಕೆ ಮಡಿಪಂಚೆ ಒದ್ದೆಯಾಯಿತು. ನಾವು ಗಾಬರಿಯಾಗಿ ಮನೆಯವರ ಮುಖ ನೋಡಿದೆವು. "ಸುಮ್ಮನಿರಿ, ಈ ಸಲ ನೀವಲ್ಲ" ಎಂದು ಆಕೆ ಒಳಗಿನಿಂದ ಬೇರೆ ಪಂಚೆ ತಂದುಕೊಟ್ಟರು.